ಓದಲು ಮಾತ್ರ

ಗ್ಯುಮ್ರಿಯ ಸ್ಮಶಾನ ಕಚೇರಿಗೆ ಒಂದೇ ಹೀಟರು.
ಅದು ಶುಶಾನಿಕ್‌ಳ ಕಾಲ ಬಳಿ, ಹಿರಿತನದ ಲೆಕ್ಕದಲ್ಲಿ.
ನನಗೆ ಕಿಟಕಿ, ಕಿಟಕಿಯಾಚೆ ಕರಿಕಲ್ಲುಗಳ ಮೇಲೆ ಹಿಮ,
ಸಹಾಕ್ ಹದಿನೆಂಟು ವರ್ಷ ಕುಟ್ಟಿದ ಕೀಲಿಮಣೆ.
ಮೊದಲಕ್ಷರ ಆಯ್ಬ್ ಪೂರ್ತಿ ಸವೆದು
ಎಲ್ಲಿದೆಯೆಂದು ಬೆರಳಿಗಷ್ಟೇ ಗೊತ್ತು.

"ಶುಕ್ರವಾರದೊಳಗೆ ಎಲ್ಲ ಹೊಸ ಕಂಪ್ಯೂಟರಿಗೆ ಹೋಗಲಿ.
ಆಮೇಲೆ ಬೀಗ ಹಾಕು, ಓದಲು ಮಾತ್ರ.
ಸತ್ತವರನ್ನು ತಿದ್ದುವ ಕೆಲಸ ಯಾರಿಗೂ ಬೇಡ."

ಹಿಡಿದೆ, ಎಳೆದೆ, ಬಿಟ್ಟೆ.
ಹಸಿರು ಪಟ್ಟಿ ತೆವಳಿತು.
ಐವತ್ತೊಂಬತ್ತರ ಜ್ವರಗಳು ಹೋದವು,
ಎಪ್ಪತ್ತರ ಮುದುಕರು ಹೋದರು, ಸಾಲಾಗಿ, ತಕರಾರಿಲ್ಲದೆ.
ಎಂಬತ್ತೆಂಟರ ಹೊಸ್ತಿಲಲ್ಲಿ ನಿಂತಿತು.

ನಿಮಗೆ ಅಪ್ಪಣೆಯಿಲ್ಲ.
ಇದನ್ನು ಬಿಡಲೆ, ಇಂಥವನ್ನೆಲ್ಲ ಬಿಡಲೆ, ನಿಲ್ಲಿಸಲೆ?

ಇಷ್ಟು ಮರ್ಯಾದೆಯಿಂದ ಯಾರೂ ನನ್ನನ್ನು ತಡೆದಿರಲಿಲ್ಲ.
ಇಂಥವನ್ನೆಲ್ಲ ಬಿಡು ಎಂದೆ. ಚಹಾ ಆರುತ್ತಿತ್ತು.

ಮೌಸಿನ ಬಲಗುಂಡಿ. ಗುಣಲಕ್ಷಣ. ಅನುಮತಿ.
ಒಡೆಯ: ಸಹಾಕ್.
ಕಳೆದ ಫೆಬ್ರವರಿಯಲ್ಲಿ ಅವನನ್ನು ನಾನೇ ಸೇರಿಸಿದ್ದೆ,
ಸಾಲು ಇಪ್ಪತ್ತೇಳು, ಅವನದೇ ಪಟ್ಟಿ,
ಅವನು ಇಷ್ಟಪಡುತ್ತಿದ್ದ ದಪ್ಪ ಅಕ್ಷರ.
ಮಣ್ಣು ಒಪ್ಪಿಕೊಂಡದ್ದನ್ನು ಡಿಸ್ಕು ಇನ್ನೂ ಒಪ್ಪಿಲ್ಲ.

ಹೊಸದರಲ್ಲಿ ಎಂಬತ್ತೆಂಟು ತೆರೆದು ನೋಡಿದೆ.
ನಾನೂರು ಕಡತ ಇರಬೇಕಾದಲ್ಲಿ
ಒಂದೇ ಒಂದು ಬಂದು ಕೂತಿತ್ತು,
ದೊಡ್ಡವರಿಗಿಂತ ಮೊದಲೇ ನೆಂಟರ ಮನೆ ತಲುಪಿಬಿಟ್ಟ
ಮಗುವಿನ ಹಾಗೆ.

ಹೆಸರಿನ ಕಾಲಂ ಬಹುಪಾಲು ಖಾಲಿ.
ಗೋರಿ ೧೧೨: ಹೆಂಗಸು, ನಡುಬೆರಳಲ್ಲಿ ಹೊಲಿಯುವವರ ಬೆರಳುಟೋಪಿ.
ಗೋರಿ ೧೧೩: ನೀಲಿ ಕೋಟು, ಮೂರನೇ ಗುಂಡಿ ಬೇರೆ ಬಣ್ಣದ್ದು.
ಗೋರಿ ೧೧೯: ಶಾಲೆಚೀಲ, ಒಳಗೆ ಎರಡು ಸೇಬು, ಒಂದು ಕಚ್ಚಿದ್ದು.
೧೧೩ರ ಎದುರು ಯಾರೋ ತುಂಬಿದ್ದಾರೆ, ನಡುವೆ ಜಾಗವೇ ಬಿಡದೆ:
ನ್ವಾರ್ಡ್ನನ್ನಅತ್ತಿಗೆಆಗುಂಡಿಹೊಲಿದದ್ದುನಾನು.
ಇನ್ನೊಂದು ಸಾಲಲ್ಲಿ ಹೆಸರು ಎರಡು ಸಲ ತಪ್ಪಿ
ಮೂರನೇ ಸಲ ಸರಿಯಾಗಿದೆ.
ತಪ್ಪುಗಳನ್ನು ಯಾರೂ ಅಳಿಸಿಲ್ಲ.

"ಅದಾ," ಎಂದಳು ಶುಶಾನಿಕ್, ತಿರುಗದೆ.
"ಯಾರಾದರೂ ಬಂದರೆ ಎದ್ದು ಕುರ್ಚಿ ಕೊಡುತ್ತಿದ್ದ.
ನೀವೇ ಬರೀರಿ, ನನ್ನ ಕೈ ಬೇಡ, ಅಂತಿದ್ದ.
ಅವರು ಒಂದೊಂದೇ ಅಕ್ಷರ ಹುಡುಕಿ ಮುಗಿಸುವವರೆಗೂ
ಕಿಟಕಿ ಕಡೆ ಮುಖ."

ಹಳೆಯದಕ್ಕೆ ಮರಳಿ ಅದರ ಅನುಮತಿ ನೋಡಿದೆ.
ಒಡೆಯ: ಓದಬಹುದು.
ಗುಂಪು: ಓದಬಹುದು.
ಉಳಿದವರು: ಓದಬಹುದು, ಬರೆಯಬಹುದು.

ಉಳಿದವರು.
ಈ ಊರಲ್ಲಿ ಆ ಪದಕ್ಕೆ ಅರ್ಥ ಕೇಳುವವರಿಲ್ಲ.

ಗುಪ್ತಪದ ಡ್ರಾಯರಿನಲ್ಲೇ ಇತ್ತು,
ಹಲ್ಲಿನ ಡಾಕ್ಟರ ಚೀಟಿಯ ಬೆನ್ನಿಗೆ.
ಮಿಕ್ಕ ಮುನ್ನೂರ ತೊಂಬತ್ತೊಂಬತ್ತೂ ಸಂಜೆಗೆ ಬಂದು ಸೇರಿದವು.
ನಕಲು ಅನ್ನಲು ನಾಲಿಗೆ ಹೊರಳದು, ಪ್ರತಿ ಅನ್ನೋಣ.
ಪ್ರತಿಗಳಿಗೆ ಒಡತಿ ಈಗ ನಾನು,
ಎಲ್ಲಕ್ಕೂ ಇವತ್ತಿನದೇ ತಾರೀಖು,
ಇಡೀ ಊರು ಇವತ್ತು ಮಧ್ಯಾಹ್ನವೇ ಸತ್ತ ಹಾಗೆ.

ಬರೆಯುವ ಚೌಕದ ಟಿಕ್ಕು ತೆಗೆದೆ.
ಒಳಗಿರುವ ಎಲ್ಲಕ್ಕೂ ಅನ್ವಯಿಸಲೆ?
ಹೂಂ.
ಒಂದೊಂದಾಗಿ ಪುಟ್ಟ ಬೀಗಗಳು ಬಿದ್ದವು.
ಆಮೇಲೆ ಆ ಒಂದಕ್ಕೆ ವಾಪಸು ಹೋದೆ.
ನನ್ನ ಎದುರಿನ ಚೌಕ ಖಾಲಿಯೇ ಬಿಟ್ಟು
ಉಳಿದವರ ಎದುರು ಒಂದು ಗುರುತು ಹಾಕಿದೆ,
ಬಾಗಿಲು ಓರೆ ಮಾಡಿದಷ್ಟು.

ಎದ್ದೆ. ಕುರ್ಚಿಯ ಎತ್ತರ ಇಳಿಸಿದೆ,
ಈಗ ಬರುವವರಿಗೆ ಮಂಡಿನೋವು.
ಶುಶಾನಿಕ್ ಏನೂ ಅನ್ನದೆ
ಹೀಟರನ್ನು ಕಾಲಿನಿಂದಲೇ
ಅತ್ತ ತಳ್ಳಿದಳು.